ಹದಿನಾರರ ತೋಳಿನಲ್ಲಿ ಇಪ್ಪತ್ತಾರರ ಆಟ ಕಾಣುವವರು

ಇಪ್ಪತ್ತರಿಂದ ಎಂಬತ್ತು! ಅಮೆರಿಕದ ಬೇಸ್‌ಬಾಲ್ ಲೋಕದಲ್ಲಿ ಒಬ್ಬ ಹುಡುಗನ ನಾಳೆಯನ್ನು ಬರೆದಿಡುವುದು ಇಷ್ಟರೊಳಗಿನ ಅಂಕಿಗಳಲ್ಲಿ. 50 ಬಂದರೆ ಅತ್ಯುನ್ನತ ಲೀಗ್‌ನ ಸಾಧಾರಣ ಆಟಗಾರನ ಮಟ್ಟ. 80 ಬರೆಯುವಾಗ, ಹುಡುಗರನ್ನು ಹುಡುಕಿ ಅಳೆಯುವ ಎಂಥ ಹಳೆಯ ಸ್ಕೌಟ್‌ನ ಕೈಯೂ ತಡೆಯುತ್ತದೆ, ಅಷ್ಟು ಅಪರೂಪ. ಈ ಅಳತೆಗೆ ಬ್ರಾಂಚ್ ರಿಕಿಯ ಹೆಸರು ಅಂಟಿಕೊಂಡಿದೆ. 1947ರಲ್ಲಿ ಜಾಕಿ ರಾಬಿನ್ಸನ್‌ರನ್ನು ಕಣಕ್ಕಿಳಿಸಿ ಕರಿಯರಿಗೆ ಮುಚ್ಚಿದ್ದ ಬಾಗಿಲು ತೆರೆದ ಅದೇ ರಿಕಿ. ಇದನ್ನೆಲ್ಲ ಓದಿದ ಮೇಲೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿಯ ಶಾಲಾ ಮೈದಾನಗಳು ನನ್ನ ಕಣ್ಣಿಗೆ ಮೊದಲಿನ ಹಾಗೆ ಕಾಣುತ್ತಲೇ ಇಲ್ಲ.

ಸ್ಕೌಟ್ ನೋಡುವುದು ಐದು ಗುಣಗಳನ್ನು: ಚೆಂಡನ್ನು ಬ್ಯಾಟಿಗೆ ತಗುಲಿಸುವ ಜಾಣ್ಮೆ, ಹೊಡೆತದ ಬಲ, ಓಟ, ಫೀಲ್ಡಿಂಗ್, ತೋಳಿನ ಶಕ್ತಿ. ನನ್ನನ್ನು ಬೆರಗಾಗಿಸಿದ್ದು ಮುಂದಿನ ಮಾತು. ಪ್ರತಿ ಗುಣಕ್ಕೂ ಅವನು ಎರಡು ಅಂಕ ಬರೆಯುತ್ತಾನೆ, ಇವತ್ತಿನದೊಂದು, ಮುಂದಿನದೊಂದು. ಇವತ್ತು 30, ಮುಂದೆ 55. ಹುಡುಗ ಇವತ್ತು ಸೋತಿರಬಹುದು, ಮೂರು ಸಲ ಬ್ಯಾಟ್ ಬೀಸಿ ಮೂರೂ ಸಲ ಗಾಳಿಗೇ ಹೊಡೆದಿರಬಹುದು. ಆದರೂ ಅವನ ಹೆಗಲಗಲ ನೋಡಿ, ಮಣಿಕಟ್ಟು ತಿರುಗುವ ಬಗೆ ನೋಡಿ, ಹತ್ತು ವರ್ಷದಾಚೆಗಿನ ಆಟಗಾರನಿಗೆ ಅಂಕ ಬೀಳುತ್ತದೆ!

ಹೂವಿನಹಡಗಲಿ ತಾಲ್ಲೂಕಿನವರಿಗೆ ನಾಳೆಯನ್ನು ಮುಂಗಂಡು ನುಡಿಯುವುದು ಹೊಸದಲ್ಲ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಮೈಲಾರದ ಗೊರವಯ್ಯ ಬಿಲ್ಲನ್ನೇರಿ ಒಂದೇ ಸಾಲಿನ ಕಾರಣಿಕ ನುಡಿದರೆ ಇಡೀ ಸೀಮೆ ಅದರಲ್ಲಿ ಮಳೆ ಬೆಳೆ ಹುಡುಕುತ್ತದೆ. ಸ್ಕೌಟ್‌ನದೂ ಒಂದು ಸಾಲಿನ ನುಡಿಯೇ. ಆದರೆ ಅವನ ನುಡಿಯನ್ನು ಪ್ರತಿವರ್ಷ ಒರೆಗೆ ಹಚ್ಚುತ್ತಾರೆ, ತಿದ್ದುತ್ತಾರೆ. ಅಲ್ಲಿನ ಮೂವತ್ತು ದೊಡ್ಡ ತಂಡಗಳಲ್ಲಿ ಪ್ರತಿಯೊಂದಕ್ಕೂ ಕೆಳಗೆ ಕಿರಿಯ ಲೀಗ್‌ಗಳ ಮೆಟ್ಟಿಲುಗಳಿವೆ: ರೂಕಿ, ಸಿಂಗಲ್-ಎ, ಹೈ-ಎ, ಡಬಲ್-ಎ, ಟ್ರಿಪಲ್-ಎ. 1981ರಲ್ಲಿ ಹುಟ್ಟಿದ ‘ಬೇಸ್‌ಬಾಲ್ ಅಮೆರಿಕ’ ಪತ್ರಿಕೆ 1990ರಿಂದ ಈ ಮೆಟ್ಟಿಲ ಮೇಲಿನ ನೂರು ಭರವಸೆಯ ಹುಡುಗರನ್ನು ವರ್ಷವರ್ಷ ಸಾಲಾಗಿ ನಿಲ್ಲಿಸುತ್ತ ಬಂದಿದೆ. ನಿನ್ನೆ ಮೊದಲಿದ್ದವನು ಇಂದು ಮೂವತ್ತನೆಯವನಾಗುತ್ತಾನೆ, ಹೆಸರೇ ಇಲ್ಲದವನು ಹತ್ತರೊಳಗೆ ಬಂದು ಕೂರುತ್ತಾನೆ.

ಮೆಟ್ಟಿಲು ನಮ್ಮಲ್ಲೂ ಇದೆ! ಶಾಲಾ ಕ್ರೀಡಾಕೂಟದಲ್ಲಿ ಗೆದ್ದ ಹುಡುಗಿ ವಲಯ, ತಾಲ್ಲೂಕು, ಜಿಲ್ಲೆ, ವಿಭಾಗ ಹತ್ತಿ ರಾಜ್ಯಕ್ಕೆ ಹೋಗುತ್ತಾಳೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ಶಾಲೆ, ಕ್ರೀಡಾ ನಿಲಯಗಳಿಗೆ ಮಕ್ಕಳನ್ನು ಆರಿಸುವಾಗ ಎತ್ತರ, ತೂಕ, 30 ಮೀಟರ್ ಓಟ, ನಿಂತಲ್ಲಿಂದ ಉದ್ದ ಜಿಗಿತ, 800 ಮೀಟರ್ ಓಟ ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಆ 30 ಮೀಟರ್ ಕಂಡಾಗ ನಾನು ಕುಳಿತಲ್ಲೇ ಎದ್ದುಬಿಟ್ಟೆ. ಬೇಸ್‌ಬಾಲ್‌ನಲ್ಲಿ ಸ್ಕೌಟ್ ಗಡಿಯಾರ ಹಿಡಿಯುವುದು ಬ್ಯಾಟುಗಾರ ಮೊದಲ ಬೇಸ್‌ಗೆ ಓಡುವ 90 ಅಡಿಗೆ, ಅಂದರೆ ಸುಮಾರು 27.4 ಮೀಟರಿಗೆ. ಬಲಗೈ ಬ್ಯಾಟುಗಾರ 4.3 ಸೆಕೆಂಡಿನ ಹತ್ತಿರ ಮುಟ್ಟಿದರೆ 50 ಅಂಕ. ಸಾಗರದಾಚೆಯ ಮೈದಾನದಲ್ಲೂ ಹರಪನಹಳ್ಳಿಯ ಮಣ್ಣಿನಲ್ಲೂ ಮನುಷ್ಯ ದೇಹಕ್ಕೆ ಕೇಳುವ ಪ್ರಶ್ನೆ ಹೆಚ್ಚೂಕಮ್ಮಿ ಒಂದೇ!

ಹಾಗಾದರೆ ನಮ್ಮಲ್ಲಿ ಕಾಣದಿರುವುದು ಯಾವುದು? ಆ ಎರಡನೆಯ ಅಂಕ. ಮೆಟ್ಟಿಲಲ್ಲಿ ಇವತ್ತು ಗೆದ್ದವನು ಮೇಲೆ ಹೋಗುತ್ತಾನೆ, ಸೋತವನು ಮನೆಗೆ ಹೋಗುತ್ತಾನೆ. ಅವನು ಮುಂದೆ ಏನಾಗಬಲ್ಲ ಎಂದು ಬರೆದಿಡುವ ಪುಸ್ತಕ ಇಲ್ಲ.

ಎರಡನೆಯ ಅಂಕದ ಬುಡದಲ್ಲಿರುವುದು ವಯಸ್ಸು. ಡಬಲ್-ಎಯಲ್ಲಿ ಚೆನ್ನಾಗಿ ಆಡುವ 19ರ ಹುಡುಗ ರತ್ನ. ಅಲ್ಲೇ ಅಷ್ಟೇ ಆಡುವ 25ರವನನ್ನು ಪಟ್ಟಿ ನೋಡುವುದೂ ಇಲ್ಲ. ಕೆರಿಬಿಯನ್ನಿನ ಡೊಮಿನಿಕನ್ ಗಣರಾಜ್ಯದ ಒಬ್ಬನನ್ನು 16ರ ಹುಡುಗ ಎಂದು ನಂಬಿ 2006ರಲ್ಲಿ ಒಂದು ತಂಡ 14 ಲಕ್ಷ ಡಾಲರ್ ಸುರಿಯಿತು. ಒಪ್ಪಂದದ ದಿನ ಅವನಿಗೆ 20 ಆಗಿತ್ತೆಂದು 2009ರಲ್ಲಿ ಬಯಲಾಯಿತು. ನಾಲ್ಕು ವರ್ಷದ ಸುಳ್ಳಿಗೆ ಅಷ್ಟು ಬೆಲೆ!

ವಂಚನೆಯೇ ಬೇಕಿಲ್ಲ, ಕೆಲವು ತಿಂಗಳ ಹೆಚ್ಚುಕಮ್ಮಿಯೇ ಸಾಕು. ಅಮೆರಿಕದ ಮಕ್ಕಳ ಲೀಗ್‌ಗಳಲ್ಲಿ ಬಹುಕಾಲ ವಯಸ್ಸನ್ನು ಜುಲೈ 31ಕ್ಕೆ ಲೆಕ್ಕ ಹಾಕುತ್ತಿದ್ದರು. ಆಗಸ್ಟ್‌ನಲ್ಲಿ ಹುಟ್ಟಿದವನು ತನ್ನ ಗುಂಪಿನಲ್ಲಿ ಹಿರಿಯ, ಜುಲೈನವನು ಕಿರಿಯ. ಫಲ ನೋಡಿ: ಅಲ್ಲಿನ ಅತ್ಯುನ್ನತ ಲೀಗ್‌ನಲ್ಲಿ ಆಡಿದ ಅಮೆರಿಕನ್ನರಲ್ಲಿ ಜುಲೈನಲ್ಲಿ ಹುಟ್ಟಿದವರಿಗಿಂತ ಆಗಸ್ಟ್‌ನಲ್ಲಿ ಹುಟ್ಟಿದವರು ಬಹಳ ಹೆಚ್ಚು. ಹತ್ತರ ವಯಸ್ಸಿನಲ್ಲಿ ಒಂದಿಷ್ಟು ಎತ್ತರ ಇದ್ದದ್ದಕ್ಕೆ ತಂಡದಲ್ಲಿ ಜಾಗ, ಜಾಗ ಸಿಕ್ಕಿದ್ದಕ್ಕೆ ಹೆಚ್ಚು ಅಭ್ಯಾಸ, ಅಭ್ಯಾಸದಿಂದ ಆಟಗಾರ!

ಇನ್ನು ನಮ್ಮ ಕಡೆಯ ಜೂನ್ 1ಕ್ಕೆ ಬನ್ನಿ. ಶಾಲೆಗೆ ಸೇರಿಸುವಾಗ ತಾರೀಖು ತಿಳಿಯದ ಮಗುವಿಗೆ ಮೇಷ್ಟ್ರು ಜೂನ್ 1 ಎಂದು ಬರೆದ ಕಥೆ ಯಾವ ಮನೆಯಲ್ಲಿಲ್ಲ? ಹಿರಿಯರಲ್ಲಿ ಕೇಳಿ ನೋಡಿ, ಒಂದೇ ಓಣಿಯಲ್ಲಿ ಒಂದೇ ದಿನ ಹುಟ್ಟಿದವರು ಸಾಲುಸಾಲಾಗಿ ಸಿಗುತ್ತಾರೆ. ಈಗ ಜನನ ಪ್ರಮಾಣಪತ್ರ ಬಂದು ಪರಿಸ್ಥಿತಿ ಬಹಳ ಸುಧಾರಿಸಿದೆ. ಆದರೂ ದಾಖಲಾತಿ ಪುಸ್ತಕದಲ್ಲಿ ಹಾಕುವ ಆ ಒಂದು ಸಾಲು ಮಗುವಿನ ಮೈದಾನದ ಹಣೆಬರಹವನ್ನೂ ಬರೆಯುತ್ತದೆಂದು ಎಷ್ಟು ಜನಕ್ಕೆ ಗೊತ್ತು? ಬಿಸಿಸಿಐ 2012ರಿಂದ 16 ವರ್ಷದೊಳಗಿನ ಹುಡುಗರ ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿ ಟಿಡಬ್ಲ್ಯು-3 ವಿಧಾನದಲ್ಲಿ ಮೂಳೆಯ ವಯಸ್ಸು ನೋಡುತ್ತಿದೆ. ಪುಸ್ತಕದ ಸಾಲನ್ನು ನಂಬದೆ ಮೂಳೆಯನ್ನೇ ಕೇಳುವ ಕಾಲ!

ಗಡಿಗೆರೆಯ ಆಟವೂ ಉಂಟು. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ಉಳಿದ ಐದು ತಾಲ್ಲೂಕುಗಳ ಜೊತೆ ಹೊಸ ವಿಜಯನಗರ ಜಿಲ್ಲೆ ಸೇರಿತು. ದಾವಣಗೆರೆ ಬೆಂಗಳೂರು ವಿಭಾಗದ್ದು, ಬಳ್ಳಾರಿ ಮತ್ತು ವಿಜಯನಗರ ಕಲಬುರಗಿ ವಿಭಾಗದವು. ಅದೇ ಮೈದಾನ, ಅದೇ ಕಾಲು; ವಿಭಾಗ ಬದಲಾದರೆ ಎದುರಾಳಿಗಳೇ ಬದಲು.

ಆಟ ಬದಲಾದರೂ ದೇಹದ ಗುಣ ಜೊತೆಗೇ ಬರುತ್ತದೆ. 2008ರಲ್ಲಿ ಭಾರತದಲ್ಲಿ ನಡೆದ ‘ಮಿಲಿಯನ್ ಡಾಲರ್ ಆರ್ಮ್’ ಸ್ಪರ್ಧೆ ವೇಗ ಅಳೆಯುವ ಯಂತ್ರ ಹಿಡಿದು ತೋಳುಗಳನ್ನು ಹುಡುಕಿತು. ಸಿಕ್ಕವರು ಉತ್ತರ ಪ್ರದೇಶದ ಇಬ್ಬರು ಜಾವೆಲಿನ್ ಎಸೆಗಾರರು, ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್. ಬೇಸ್‌ಬಾಲ್ ಆಡಿಯೇ ಇರದ ಅವರನ್ನು ಅದೇ ವರ್ಷ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ ತನ್ನ ಕಿರಿಯ ಲೀಗ್‌ಗೆ ಸೇರಿಸಿಕೊಂಡಿತು! ನಮ್ಮ ಕ್ರಿಕೆಟಿಗ ಅಭಿಮನ್ಯು ಮಿಥುನ್ 17ರವರೆಗೆ ಚರ್ಮದ ಚೆಂಡಿನಲ್ಲಿ ಬೌಲಿಂಗ್ ಮಾಡಿರಲಿಲ್ಲ, ಡಿಸ್ಕಸ್ ಎಸೆಯುತ್ತಿದ್ದರು. 2009–10ರ ಮೊದಲ ರಣಜಿ ಋತುವಿನಲ್ಲೇ 47 ವಿಕೆಟ್, 2010ರಲ್ಲಿ ಗಾಲೆಯಲ್ಲಿ ಟೆಸ್ಟ್. ಜೋಳದ ಹೊಲದ ಅಟ್ಟಣೆ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಓಡಿಸುವ ಹುಡುಗನ ತೋಳಿಗೆ ಅಂಕ ಹಾಕಿದವರು ಯಾರು?

ಅಂಕ ಹಾಕುವವರೂ ಎಡವುತ್ತಾರೆ, ದೊಡ್ಡದಾಗಿಯೇ ಎಡವುತ್ತಾರೆ. ತಂಡಗಳು ಸರದಿಯಂತೆ ಹುಡುಗರನ್ನು ಕರೆಯುವ 1988ರ ಆಯ್ಕೆಯಲ್ಲಿ ಮೈಕ್ ಪಿಯಾಜಾ ಸಿಕ್ಕಿದ್ದು 1,390ನೆಯವರಾಗಿ. 2016ರಲ್ಲಿ ಅವರು ಹಾಲ್ ಆಫ್ ಫೇಮ್ ಸೇರಿದರು. 1999ರಲ್ಲಿ 401 ಜನರನ್ನು ಕರೆದಾದ ಮೇಲೆ ಕರೆ ಬಂದ ಆಲ್ಬರ್ಟ್ ಪೂಹೋಲ್ಸ್ ಮುಂದೆ 703 ಹೋಮ್ ರನ್ ಹೊಡೆದರು. ಆದರೆ ಅವರಿಗೆ ಮೆಟ್ಟಿಲಿತ್ತು. ಕೆಳಗಿನಿಂದ ಹತ್ತುವಾಗ ಪ್ರತಿವರ್ಷ ಮತ್ತೆ ನೋಡುವ ಕಣ್ಣುಗಳಿದ್ದವು. ನಮ್ಮ ತಾಂಡಾಗಳಿಂದ ಕಬ್ಬು ಕಡಿಯಲು ಗುಳೆ ಹೋದ ಕುಟುಂಬದ ಹುಡುಗಿ ಆಯ್ಕೆಯ ದಿನ ಊರಲ್ಲೇ ಇರುವುದಿಲ್ಲ. ಒಂದೇ ದಿನದ ಅಳತೆಯಲ್ಲಿ ಅವಳು ಸೋಲುವುದೂ ಇಲ್ಲ, ಲೆಕ್ಕಕ್ಕೇ ಬರುವುದಿಲ್ಲ. ಇದು ನನ್ನನ್ನು ನಿಜಕ್ಕೂ ಕಾಡುತ್ತದೆ.

ದೊಡ್ಡ ತರಬೇತಿ ದೂರದಲ್ಲೂ ಇಲ್ಲ. ಪಕ್ಕದ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಬಳಿ 2018ರಲ್ಲಿ ಶುರುವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ನೀರಜ್ ಚೋಪ್ರಾ ಕೂಡ ಅಭ್ಯಾಸ ಮಾಡಿದ್ದಾರೆ. ಅಲ್ಲಿನ ಬಾಗಿಲವರೆಗೆ ನಮ್ಮ ಮಗು ತಲುಪಬೇಕಾದರೆ ಯಾರೋ ಒಬ್ಬರು ಮೊದಲು ಬರೆದಿಟ್ಟಿರಬೇಕು.

ಆರೂ ತಾಲ್ಲೂಕುಗಳ ಪಿ.ಟಿ. ಮೇಷ್ಟ್ರುಗಳೇ, ಟೀಚರುಗಳೇ, ನಿಮ್ಮಲ್ಲಿ ಒಂದು ಬೇಡಿಕೆ. ಒಂದು ಟೇಪು, ಒಂದು ಸ್ಟಾಪ್‌ವಾಚು, ಒಂದು ನೋಟ್‌ಬುಕ್ಕು ಸಾಕು. ಪ್ರತಿ ಮಗುವಿನ ನಿಜವಾದ ಹುಟ್ಟಿದ ದಿನ ಬರೆಯಿರಿ. 30 ಮೀಟರ್ ಓಡಿಸಿ, ಚೆಂಡು ಎಸೆಸಿ, ಎತ್ತರ ಅಳೆಯಿರಿ. ಗುಳೆಯಿಂದ ಮರಳಿದವರನ್ನು ಮರಳಿದ ವಾರವೇ ಅಳೆಯಿರಿ. ವರ್ಷಕ್ಕೆರಡು ಸಲ ಹೀಗೆ ಮಾಡಿ, ಪಕ್ಕದಲ್ಲಿ ಇನ್ನೊಂದು ಕಾಲಂ ಬಿಟ್ಟು ಮುಂದೆ ಈ ಮಗು ಏನಾಗಬಲ್ಲದೆಂದು ನಿಮಗನ್ನಿಸಿದ್ದನ್ನು ಧೈರ್ಯವಾಗಿ ಬರೆಯಿರಿ. ಈ ಜೂನ್‌ನಲ್ಲೇ ಶುರು ಮಾಡಿ.