ಟ್ರೇಲರಿನ ಕೊಳಚೆ ಪೈಪನ್ನು ಎಲ್ಲಿಡಬೇಕು?



ಕಾಸರಗೋಡಿನಿಂದ ಅಕ್ಕಲಕೋಟೆಯವರೆಗೆ ನಮ್ಮ ಸದಸ್ಯರಲ್ಲಿ ಕೆಲವರ ಮಕ್ಕಳು ಅಮೆರಿಕದಲ್ಲಿದ್ದಾರೆ. ಬೇಸಿಗೆಯಲ್ಲಿ ಅಲ್ಲಿಗೆ ಹೋದ ಅಪ್ಪ ಅಮ್ಮಂದಿರನ್ನು ಕಾರಿನ ಹಿಂದೆ ಕಟ್ಟಿ ಎಳೆಯುವ ಸಣ್ಣ ಟ್ರೇಲರಿನಲ್ಲಿ ಪ್ರವಾಸಕ್ಕೆ ಕರೆದೊಯ್ಯುವುದುಂಟು. ಹೋಗಿ ಬಂದವರು ಬೆಟ್ಟ, ಜಲಪಾತಗಳ ಫೋಟೋ ಕಳಿಸುತ್ತಾರೆ. ಆ ಪುಟ್ಟ ಮನೆಯ ಶೌಚದ ನೀರು ಎಲ್ಲಿ ಹೋಯಿತು, ಅದನ್ನು ಹೊರಹಾಕಿದ ಪೈಪನ್ನು ಎಲ್ಲಿಟ್ಟರು ಎಂಬುದನ್ನು ಮಾತ್ರ ಯಾರೂ ಬರೆಯುವುದಿಲ್ಲ. ನಾವು ತಪ್ಪು ಮಾಡಿ ಕಲಿತದ್ದನ್ನು ಇಲ್ಲಿ ತಿಳಿಸುತ್ತಿದ್ದೇವೆ. ಊಟದ ಹೊತ್ತಿನಲ್ಲಿ ಓದುವವರು ಸ್ವಲ್ಪ ತಡೆದು ಓದಬಹುದು.

ಇಂಥ ಟ್ರೇಲರಿನ ಅಡಿಯಲ್ಲಿ ಸಾಮಾನ್ಯವಾಗಿ ಎರಡು ಕೊಳಚೆ ಟ್ಯಾಂಕುಗಳಿರುತ್ತವೆ. ಶೌಚದ್ದನ್ನು ಅಲ್ಲಿಯವರು ಕಪ್ಪು ಟ್ಯಾಂಕ್ ಎನ್ನುತ್ತಾರೆ. ಸ್ನಾನದ ಮತ್ತು ಪಾತ್ರೆ ತೊಳೆದ ನೀರಿನದು ಬೂದು ಟ್ಯಾಂಕ್. ತುಂಬಿದ ಮೇಲೆ ಟ್ರೇಲರನ್ನು ಕೊಳಚೆ ಸುರಿಯಲೆಂದೇ ಇರುವ ಜಾಗಕ್ಕೆ ಒಯ್ಯಬೇಕು. ಅಲ್ಲಿ ನೆಲದಲ್ಲಿ ಮುಚ್ಚಳವಿರುವ ಒಂದು ತೂತು ಇರುತ್ತದೆ. ಟ್ರೇಲರಿಗೂ ಆ ತೂತಿಗೂ ನಡುವೆ ಜೋಡಿಸುವುದೇ ಈ ಪೈಪು. 3 ಅಂಗುಲ ಅಗಲ, 10 ಅಥವಾ 15 ಅಡಿ ಉದ್ದ. ಒಳಗೆ ತಂತಿಯ ಸುರುಳಿ ಇರುವುದರಿಂದ ಹಾರ್ಮೋನಿಯಂ ತಿದಿಯ ಹಾಗೆ ಎಳೆದರೆ ಹಿಗ್ಗುತ್ತದೆ, ಒತ್ತಿದರೆ ಕುಗ್ಗುತ್ತದೆ. ಆ ಮಡಿಕೆಗಳಲ್ಲೇ ತೊಂದರೆ ಇರುವುದು. ಎಷ್ಟು ತೊಳೆದರೂ ಅಲ್ಲಿ ಸ್ವಲ್ಪ ನೀರು ನಿಲ್ಲುತ್ತದೆ.

ನಾವು ಮೊದಲ ಸಲ ಹೋದದ್ದು ಬಾಡಿಗೆಯ 16 ಅಡಿ ಟ್ರೇಲರಿನಲ್ಲಿ. ಹೊರಗಿನಿಂದ ತೆರೆಯುವ ಸಾಮಾನಿನ ಗೂಡು ಅದಕ್ಕೆ ಒಂದೇ ಇತ್ತು. ಕುಡಿಯುವ ನೀರು ತುಂಬುವ ಬಿಳಿ ಪೈಪು ಅದರಲ್ಲಿತ್ತು. ಕತ್ತಲಾಗುತ್ತಿದ್ದ ಗಡಿಬಿಡಿಯಲ್ಲಿ ಕೊಳಚೆ ಪೈಪನ್ನೂ ಅದರ ಮೇಲೆಯೇ ಸುತ್ತಿಟ್ಟವರು ನಾವೇ. ಬೆಳಿಗ್ಗೆ ಮೊಮ್ಮಗಳು ಬಿಳಿ ಪೈಪಿನ ತುದಿಯನ್ನು ಬಾಯಿಗೆ ಹಿಡಿಯುವಷ್ಟರಲ್ಲಿ ಮಗಳು ಓಡಿ ಬಂದು ಕಸಿದುಕೊಂಡಳು. ತುದಿ ಒದ್ದೆಯಾಗಿತ್ತು. ಯಾವ ನೀರೆಂದು ಹೇಳುವಂತಿರಲಿಲ್ಲ. ಬಿಳಿ ಪೈಪನ್ನು ಕಸಕ್ಕೆ ಹಾಕಿ ಹೊಸದು ಕೊಂಡೆವು. ಮಗಳು ಏನೂ ಅನ್ನಲಿಲ್ಲ, ಅದೇ ನಮಗೆ ಹೆಚ್ಚು ನಾಚಿಕೆಯಾಯಿತು.

ದೊಡ್ಡ ಟ್ರೇಲರುಗಳಲ್ಲಿ ಗೂಡುಗಳು ಹಲವು, ಬೇರೆ ಬೇರೆ ಇಡುವುದು ಸುಲಭ. ಸಣ್ಣದರಲ್ಲಿ ಜಾಗ ಹುಡುಕಬೇಕು. ಕೆಲವು ಟ್ರೇಲರುಗಳ ಹಿಂದಿನ ಬಂಪರ್ 4 ಅಂಗುಲದ ಚೌಕದ ಟೊಳ್ಳು ಕಬ್ಬಿಣ. ಎರಡೂ ತುದಿಗೆ ಪ್ಲಾಸ್ಟಿಕ್ ಮುಚ್ಚಳ. ಪೈಪನ್ನು ಅದರೊಳಗೆ ತೂರಿಸುವುದು ಹಳೆಯ ಪದ್ಧತಿ. ನೋಡಲು ಜಾಣತನವೆನಿಸುತ್ತದೆ, ಆದರೆ ನಮಗೆ ಅದು ಒಪ್ಪಿಗೆಯಾಗಲಿಲ್ಲ. 3 ಅಂಗುಲದ ಪೈಪು ಒಳಗೆ ಹೋದರೂ ಅದರ ತುದಿಯ ಜೋಡಣೆಯ ಕಿವಿಗಳು ಅನೇಕ ವೇಳೆ ಹೋಗುವುದಿಲ್ಲ. ಪೈಪಿನ ತೇವಕ್ಕೆ ಕಬ್ಬಿಣ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಕುಲುಕಾಟಕ್ಕೆ ಮುಚ್ಚಳ ಬಿದ್ದರೆ ಪೈಪು ಹೆದ್ದಾರಿಯ ಪಾಲು.

ಮರುವರ್ಷ ಅಳಿಯಂದಿರು ಹಳೆಯ ಟ್ರೇಲರೊಂದನ್ನು ಸ್ವಂತಕ್ಕೆ ಕೊಂಡಾಗ ಮೊದಲು ಮಾಡಿದ್ದೇ ಈ ಕೆಲಸ. ಬೇಲಿಗೆ ನೆಡುವ 5 ಅಂಗುಲದ ಚೌಕದ ಪ್ಲಾಸ್ಟಿಕ್ ಕಂಬಗಳು ಅಲ್ಲಿನ ಅಂಗಡಿಗಳಲ್ಲಿ ಸಿಗುತ್ತವೆ. ಒಳಗೆ ಟೊಳ್ಳು, ನುಣುಪು, ತುಕ್ಕಿನ ಭಯವಿಲ್ಲ. ಪೈಪನ್ನು ಪೂರ್ತಿ ಕುಗ್ಗಿಸಿ, ತುದಿಯ ಜೋಡಣೆಗಳೂ ಸೇರಿದಂತೆ ಅಳೆದು, ಅದಕ್ಕಿಂತ ಒಂದು ಗೇಣು ಉದ್ದಕ್ಕೆ ಕಂಬ ಕತ್ತರಿಸಿದರು. ಒಂದು ತುದಿ ಖಾಯಂ ಮುಚ್ಚಿ, ಇನ್ನೊಂದಕ್ಕೆ ತೆರೆಯುವ ಮುಚ್ಚಳ ಹಾಕಿ, ಅದು ಕಳಚದಂತೆ ಪಿನ್ನು ಕೊಟ್ಟರು. ಟ್ರೇಲರಿನ ಅಡಿಯ ಚೌಕಟ್ಟಿಗೆ ಲೋಹದ ಪಟ್ಟಿಗಳಿಂದ ಬಿಗಿದರು. ಚಕ್ರಕ್ಕೆ ತಾಗದಂತೆ, ರಸ್ತೆಯ ಉಬ್ಬಿಗೆ ಉಜ್ಜದಂತೆ ಜಾಗ ನೋಡುವುದರಲ್ಲೇ ಅರ್ಧ ದಿನ ಹೋಯಿತು. ತೆರೆಯುವ ತುದಿ ಕೊಳಚೆ ಕವಾಟವಿರುವ ಬದಿಗೇ ಇರಬೇಕು, ಇಲ್ಲವಾದರೆ ತೊಟ್ಟಿಕ್ಕುವ ಪೈಪನ್ನು ಹಿಡಿದು ಟ್ರೇಲರನ್ನು ಸುತ್ತಬೇಕಾಗುತ್ತದೆ.

ನಾವು ಹೇಳಿ ಸೇರಿಸಿದ್ದು ಒಂದೇ: ಕಂಬದ ತಳದಲ್ಲಿ ನಾಲ್ಕು ಸಣ್ಣ ತೂತು. ಮೊಸರಿನ ಬಟ್ಟೆಯನ್ನು ಮುಚ್ಚಿಟ್ಟರೆ ಏನಾಗುತ್ತದೆಂದು ನಮ್ಮ ಮನೆಯವರಿಗೆ ಗೊತ್ತು, ಸಲಹೆ ಅವರದೇ. ಗಾಳಿ ಆಡದಿದ್ದರೆ ತೊಳೆದ ಪೈಪೂ ನಾರುತ್ತದೆ.

ಕೊರೆಯುವ, ಬಿಗಿಯುವ ಅನುಕೂಲವಿಲ್ಲದವರಿಗೆ, ಬಾಡಿಗೆಯ ಟ್ರೇಲರಿನವರಿಗೆ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಸಾಕು. ಎಳೆಯುವ ಗಾಡಿ ಪಿಕಪ್ ಆಗಿದ್ದರೆ ಅದರ ತೆರೆದ ಹಿಂಭಾಗದಲ್ಲಿ ಇಡಬಹುದು. ಮಲಗುವ ಹಾಸಿಗೆಯ ಕೆಳಗೆ ಬೇಡ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ. ಹಾಗೆಯೇ ಬಿಸಿಲಿನಲ್ಲಿ ಬಿಡಬೇಡಿ, ಪ್ಲಾಸ್ಟಿಕ್ ಒಣಗಿ ಸಣ್ಣ ಸೀಳು ಬಿಡುತ್ತದೆ. ಆ ಸೀಳು ಕಾಣುವುದು ಟ್ಯಾಂಕ್ ಬಿಟ್ಟ ಮೇಲೆಯೇ.

ಎಲ್ಲಿಟ್ಟರೂ, ಇಡುವ ಮುಂಚಿನ ಕೆಲಸ ಸರಿಯಾಗಿರಬೇಕು. ಬಳಸಿ ಎಸೆಯುವ ಕೈಗವಸು ಹಾಕಿಕೊಂಡು ಮೊದಲು ಕಪ್ಪು ಟ್ಯಾಂಕನ್ನೇ ಬಿಡಬೇಕು, ಆಮೇಲೆ ಬೂದು. ಸಾಬೂನಿನ ನೀರು ಹಿಂದೆ ಹರಿದು ಪೈಪನ್ನು ತಕ್ಕಮಟ್ಟಿಗೆ ತೊಳೆಯುತ್ತದೆ. ಕವಾಟಗಳನ್ನು ಮುಚ್ಚಿ, ಟ್ರೇಲರಿನ ಕಡೆಯ ತುದಿಯನ್ನು ಕಳಚಿ ಎತ್ತಿ ಹಿಡಿದು, ಪೈಪಿನ ಉದ್ದಕ್ಕೂ ಎತ್ತುತ್ತಾ ತೂತಿನ ಕಡೆಗೆ ನಡೆದರೆ ಮಡಿಕೆಯಲ್ಲಿ ನಿಂತದ್ದೂ ಇಳಿಯುತ್ತದೆ. ಅಲ್ಲಿರುವ ತೊಳೆಯುವ ನಲ್ಲಿಯಿಂದ ಒಳಗೆ ನೀರು ಬಿಟ್ಟು ಮತ್ತೊಮ್ಮೆ ಇಳಿಸಬೇಕು. ಆ ನಲ್ಲಿಯ ನೀರನ್ನು ಕುಡಿಯಬಾರದು, ಕುಡಿಯುವ ಪೈಪನ್ನು ಅದಕ್ಕೆ ಜೋಡಿಸಲೂಬಾರದು. ಹಿಂದಿನವರು ತಮ್ಮ ಕೊಳಚೆ ಪೈಪನ್ನು ಅದಕ್ಕೆ ತಾಗಿಸಿರಬಹುದು. ದಾರಿಯಲ್ಲಿ ಪೈಪಿನ ಎರಡೂ ತುದಿಗೆ ಮುಚ್ಚಳವಿರಲಿ, ಮನೆ ಸೇರಿದ ಮೇಲೆ ತೆಗೆದು ನೆರಳಲ್ಲಿ ಒಣಗಿಸಿ.

ಇದೆಲ್ಲ ನಮಗೇಕೆ ಎನ್ನಬೇಡಿ. ಕಳೆದ ರಾಜ್ಯೋತ್ಸವಕ್ಕೆ ನಾವು ಬಾಡಿಗೆಗೆ ತರಿಸಿದ ಚಕ್ರದ ಶೌಚಾಲಯವೂ ಒಂದು ಟ್ರೇಲರೇ. ಸಂಜೆ ಅದರ ಪೈಪನ್ನು ಬಂದಿದ್ದ ಹುಡುಗ ಬರಿಗೈಯಲ್ಲಿ ಸುತ್ತಿ, ಕುಡಿಯುವ ನೀರಿನ ಕ್ಯಾನುಗಳಿದ್ದ ಟೆಂಪೋದೊಳಗೆ ಹಾಕಿದ. ನಮ್ಮವರು ಅವನನ್ನು ಗದರಿಸಿದರು. ಅಮೆರಿಕದಲ್ಲಿ ಅದೇ ತಪ್ಪನ್ನು ಮಾಡಿ ಬಂದಿದ್ದ ನಮಗೆ ಗದರಿಸುವ ಬಾಯಿ ಬರಲಿಲ್ಲ. ಅವನಿಗೆ ಪೈಪಿಡಲು ಬೇರೆ ಜಾಗ ಕೊಟ್ಟಿರಲಿಲ್ಲ, ಕೈಗವಸು ಕೊಟ್ಟಿರಲಿಲ್ಲ, ಕೈ ತೊಳೆಯಲು ಸೋಪನ್ನೂ ಇಟ್ಟಿರಲಿಲ್ಲ. ಅಲ್ಲಿ ಅಳಿಯಂದಿರು ತಮ್ಮ ಕೈಯಾರೆ ಮಾಡುವ ಕೆಲಸವನ್ನು ಇಲ್ಲಿ ಅವನೊಬ್ಬನ ತಲೆಗೆ ಕಟ್ಟಿದ್ದೆವು.

ಆದ್ದರಿಂದ ಈ ನವೆಂಬರಿನ ಖರ್ಚಿನ ಪಟ್ಟಿಗೆ ಬಿಗಿ ಮುಚ್ಚಳದ ಒಂದು ಡ್ರಮ್ಮು, ರಬ್ಬರ್ ಕೈಗವಸು ಎರಡು ಜೊತೆ, ಸೋಪು ಮತ್ತು ಒಂದು ಟವೆಲ್ ಸೇರಿಸಿದ್ದೇವೆ. ನೀರಿನ ಕ್ಯಾನುಗಳ ಗಾಡಿ ಬೇರೆ, ಶೌಚಾಲಯದ ಸಾಮಾನಿನ ಗಾಡಿ ಬೇರೆ ಎಂದು ಬಾಡಿಗೆ ಕೊಡುವವರಿಂದ ಮುಂಚೆಯೇ ಬರೆಸಿಕೊಳ್ಳುತ್ತೇವೆ. ತಮ್ಮ ಊರುಗಳಲ್ಲಿ ಕಾರ್ಯಕ್ರಮ ನಡೆಸುವ ಸದಸ್ಯರು ಮುಂಗಡ ಕೊಡುವ ಮೊದಲೇ ಈ ಮಾತನ್ನು ಮುಗಿಸಿಕೊಳ್ಳಬೇಕಾಗಿ ವಿನಂತಿ.