ಹಳೇ ಕಂಪ್ಯೂಟರೇ ನಮ್ಮನೆ ಸರ್ವರ್

ಸರ್ವರ್ ಅಂದ್ರೆ ಬೆಂಗಳೂರಿನ ಏಸಿ ಕೋಣೆಯಲ್ಲಿರೋ ದೊಡ್ಡ ಯಂತ್ರ ಅಂತ ಅನೇಕರ ಎಣಿಕೆ. ಚಿಂತಾಮಣಿ ತಾಲ್ಲೂಕಿನ ನಮ್ಮ ಕೆಂಚಾರ್ಲಹಳ್ಳಿಯಲ್ಲಿ ನಾನದನ್ನು ಕಲಿತದ್ದು ಮಗ ಬಿಟ್ಟುಹೋದ ಹಳೇ ಕಂಪ್ಯೂಟರಿನಲ್ಲಿ. ಹಾಕಿದ್ದು ಡೆಬಿಯನ್ ಲಿನಕ್ಸ್. ಲಿನಕ್ಸನ್ನು 1991ರಲ್ಲಿ ಶುರುಮಾಡಿದವರು ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್. ಡೆಬಿಯನ್ 1993ರಿಂದ ಸ್ವಯಂಸೇವಕರ ಕೈಯಲ್ಲಿ ಬೆಳೆದದ್ದು, ದುಡ್ಡು ಕೊಡಬೇಕಿಲ್ಲ.

ಸರ್ವರ್ ನೋಡಿಕೊಳ್ಳೋದು ಮನೆ ನೋಡಿಕೊಂಡ ಹಾಗೇ. ‘ರೂಟ್’ ಖಾತೆಯ ಹತ್ತಿರ ಎಲ್ಲಾ ಬೀಗದ ಕೈಗಳೂ ಇರುತ್ತವೆ. ಒಂದು ತಪ್ಪು ಆಜ್ಞೆಗೆ ಎಲ್ಲವೂ ಅಳಿಸಿಹೋಗಬಹುದು. ಹಾಗಾಗಿ ದಿನದ ಕೆಲಸಕ್ಕೆ ಸಾಮಾನ್ಯ ಖಾತೆ, ಅಗತ್ಯ ಬಿದ್ದರೆ ಮಾತ್ರ ‘ಸುಡೊ’. ಏನಾದರೂ ನಿಂತುಹೋದರೆ ಗಾಬರಿಯಾಗಬೇಡಿ, ಲಾಗ್ ಓದಿ. ಯಾವ ಹೊತ್ತಿಗೆ ಏನಾಯ್ತು ಅಂತ ಯಂತ್ರವೇ ಬರೆದಿಟ್ಟಿರುತ್ತೆ.

ನಮ್ಮ ರೇಷ್ಮೆಗೂಡಿನ ಲೆಕ್ಕ, ಮಕ್ಕಳ ಫೋಟೋ ಎಲ್ಲ ಅದರಲ್ಲಿವೆ. ಹಳೇ ಡಿಸ್ಕ್ ಯಾವತ್ತು ಕೈಕೊಡುತ್ತೋ ಹೇಳೋಕಾಗಲ್ಲ. ಅದಕ್ಕೇ ದಿನವೂ ರಾತ್ರಿ 2 ಗಂಟೆಗೆ ‘ಆರ್‌ಸಿಂಕ್’ ಇನ್ನೊಂದು ಡಿಸ್ಕಿಗೆ ನಕಲು ಮಾಡುವಂತೆ ‘ಕ್ರಾನ್’ಗೆ ಬರೆದಿಟ್ಟೆ. ಆದರೆ ಆ ಹೊತ್ತಿಗೆ ಕರೆಂಟ್ ಹೋಗಿದ್ದರೆ ಕ್ರಾನ್ ಆ ದಿನದ ಕೆಲಸ ಬಿಟ್ಟುಬಿಡುತ್ತೆ. ನಮ್ಮಂಥ ಊರಿಗೆ ‘ಅನಾಕ್ರಾನ್’ ಸರಿ. ಯಂತ್ರ ಮತ್ತೆ ಎದ್ದಮೇಲೆ ಬಾಕಿ ಕೆಲಸ ಮುಗಿಸುತ್ತೆ. ತಿಂಗಳಿಗೊಮ್ಮೆ ಆ ನಕಲಿನಿಂದ ನಾಲ್ಕು ಫೈಲ್ ತೆಗೆದು ನೋಡ್ತೀನಿ. ತೆರೆದು ನೋಡದ ಬ್ಯಾಕಪ್ಪನ್ನು ನಂಬಬಾರದು.

ನಿಮ್ಮ ಮನೆಯ ಅಟ್ಟದ ಮೇಲೂ ಒಂದು ಕಂಪ್ಯೂಟರ್ ಇದ್ದೀತು. ಗುಜರಿಗೆ ಹಾಕೋ ಮುಂಚೆ ಅದರ ಪ್ರೊಸೆಸರ್ 64 ಬಿಟ್ಟಿನದಾ ಅಂತ ನೋಡಿ. ಆಗಿದ್ದರೆ, ಡೆಸ್ಕ್‌ಟಾಪ್ ಇಲ್ಲದೆ ಬರೀ ಕಪ್ಪು ಪರದೆಯ ಡೆಬಿಯನ್ ಹಾಕಿ. ಕಡಿಮೆ ಮೆಮೊರಿಯಲ್ಲೂ ನಡೆಯುತ್ತೆ. ದಿನಕ್ಕೆ ಎರಡೇ ಆಜ್ಞೆ ಕಲಿಯಿರಿ, ಸಾಕು.