ಸಿಸೇರಿಯನ್ ಬಳಿಕ ಮನೆಗೆ ಮರಳುವ ಆತುರ ಬೇಡ

ಸಿಸೇರಿಯನ್ ಹೆರಿಗೆಯಾದ ಎರಡು-ಮೂರು ದಿನಗಳಲ್ಲಿ ಬಾಣಂತಿ ಎದ್ದು ಓಡಾಡತೊಡಗಿದರೆ, ಮನೆಗೆ ಕರೆದೊಯ್ಯಲು ಬಂಧುಗಳು ಅವಸರಿಸುವುದುಂಟು. ಆದರೆ ಓಡಾಟ ಚೇತರಿಕೆಯ ಆರಂಭವಷ್ಟೇ. ಒಳಗಿನ ಗಾಯ ಮಾಗಲು ಹಲವು ವಾರಗಳೇ ಬೇಕು.

2011ರಲ್ಲಿ ಜಾರಿಗೆ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆ, ಔಷಧ ಉಚಿತ. ಸಿಸೇರಿಯನ್ ಆದವರಿಗೆ 7 ದಿನಗಳವರೆಗೆ ಊಟ, ಮರಳಲು ವಾಹನವೂ ಉಂಟು. ಖರ್ಚಿಗೆ ಅಂಜಿ ಹೊರಡಬೇಕಿಲ್ಲ.

ಶಿಗ್ಗಾವಿ ತಾಲ್ಲೂಕಿನ ಹಿರೇಬೆಂಡಿಗೇರಿಯಂತಹ ಹಳ್ಳಿಗಳಿಗೆ ಹಿಂದಿರುಗುವವರು ಇನ್ನೊಂದು ಅಂಶ ಗಮನಿಸಬೇಕು. ಸಿಸೇರಿಯನ್ ಆದವರ ಮನೆಗೆ ಆಶಾ ಕಾರ್ಯಕರ್ತೆಯ ಮೊದಲ ಭೇಟಿ ನಿಗದಿಯಾಗಿರುವುದು 7ನೇ ದಿನಕ್ಕೆ. ನಂತರ 14, 21, 28 ಮತ್ತು 42ನೇ ದಿನ. ವೈದ್ಯರು ಮೊದಲೇ ಬಿಡುಗಡೆ ಮಾಡಿದರೆ, ಅದೇ ದಿನ ಆಶಾ ಕಾರ್ಯಕರ್ತೆಗೆ ತಿಳಿಸುವುದು ಒಳ್ಳೆಯದು. ಇಲ್ಲವಾದರೆ ನಡುವಿನ ದಿನಗಳಲ್ಲಿ ಗಾಯವನ್ನು ನೋಡುವವರೇ ಇರುವುದಿಲ್ಲ.

ಬಾಣಂತಿಗೆ ನೀರು ಕಡಿಮೆ ಕೊಡುವ ರೂಢಿ ಸಲ್ಲದು. ನೀರಿನ ಕೊರತೆಯಿಂದ ಮಲಬದ್ಧತೆ ಹೆಚ್ಚಿ ಹೊಲಿಗೆಯ ನೋವು ಉಲ್ಬಣಿಸುತ್ತದೆ. ದಿನವಿಡೀ ಮಲಗಿಸುವುದೂ ತರವಲ್ಲ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಮಗುವಿಗಿಂತ ಭಾರದ ವಸ್ತು ಎತ್ತಬಾರದು, ಗಾಯ ಒಣಗಿರಬೇಕು.

ಜ್ವರ, ಗಾಯದಿಂದ ಕೀವು, ಅತಿಯಾದ ರಕ್ತಸ್ರಾವ, ತೀವ್ರ ತಲೆನೋವು, ಒಂದೇ ಕಾಲಿನ ಊತ, ಉಸಿರಾಟದ ತೊಂದರೆ ಕಂಡಲ್ಲಿ ಬೆಳಗಾಗುವವರೆಗೆ ಕಾಯದೆ 108ಕ್ಕೆ ಕರೆ ಮಾಡಬೇಕು.